ಒಂದೇ ಕಿಟಕಿ, ಎರಡು ಕುಂಡ

ಕಕ್ಕಡ ತಿಂಗಳ ಮಳೆ ಹಿಡಿದಿದ್ದ ದಿನಗಳಲ್ಲಿ ಅಮ್ಮತ್ತಿಯಿಂದ ಸೋದರಿಯೊಬ್ಬರು ಬರೆದ ಪತ್ರ ನಮ್ಮ ಮೇಜಿನ ಮೇಲಿದೆ. ಕಾಗದದ ಅಂಚು ತೊಯ್ದು ಶಾಯಿ ಅಲ್ಲಲ್ಲಿ ಹರಡಿದೆ. ಆದರೆ ಪ್ರಶ್ನೆ ಮಾತ್ರ ಸ್ಪಷ್ಟವಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೈದುನ ರಜೆಗೆ ಬಂದಾಗ ಎರಡು ಕುಂಡಗಳನ್ನು ಉಡುಗೊರೆಯಾಗಿ ತಂದನಂತೆ. ಒಂದರಲ್ಲಿ ಮನಿ ಪ್ಲಾಂಟ್, ಇನ್ನೊಂದರಲ್ಲಿ ಸ್ನೇಕ್ ಪ್ಲಾಂಟ್. ಮಳೆಗಾಲದಲ್ಲಿ ಮನೆಯೊಳಗೆ ಬೆಳಕು ಬೀಳುವುದು ಒಂದೇ ಒಂದು ಕಿಟಕಿಯಲ್ಲಿ. ಅಲ್ಲಿ ಇಡಬಹುದಾದುದು ಒಂದೇ ಕುಂಡ. ಮನಿ ಪ್ಲಾಂಟ್ ಇದ್ದರೆ ಮನೆಯಲ್ಲಿ ಲಕ್ಷ್ಮಿ ನೆಲೆಸುವಳೆಂದು ಅತ್ತೆಯವರ ಅಭಿಪ್ರಾಯ. ಸ್ನೇಕ್ ಪ್ಲಾಂಟ್ ಗಾಳಿಯನ್ನು ಶುದ್ಧ ಮಾಡುವುದೆಂದು ಯಜಮಾನರ ವಾದ. “ಯಾವುದನ್ನು ಇಟ್ಟುಕೊಳ್ಳಲಿ?” ಎಂದು ಸೋದರಿ ಕೇಳಿದ್ದಾರೆ.

ಇಷ್ಟೇ ಆಗಿದ್ದರೆ ನಾಲ್ಕು ಸಾಲುಗಳಲ್ಲಿ ಉತ್ತರಿಸಿ ಮುಗಿಸಬಹುದಾಗಿತ್ತು. ಪತ್ರದ ಕೊನೆಯಲ್ಲಿ, ಹೇಳಬೇಕೋ ಬೇಡವೋ ಎಂಬ ಸಂಕೋಚದಿಂದ ಬರೆದಂತೆ, ಇನ್ನೂ ಎರಡು ಸಂಗತಿಗಳಿವೆ. ಮನೆಯಲ್ಲಿ ಅಂಬೆಗಾಲಿಡುವ ಹದಿನಾಲ್ಕು ತಿಂಗಳ ಮಗುವಿದೆ. ಮಾವನವರಿಗೆ ಬಹುಕಾಲದಿಂದ ಆಸ್ತಮಾ ಇದೆ. ಸ್ನೇಕ್ ಪ್ಲಾಂಟಿನ ಕುಂಡವನ್ನು ಅವರ ಮಂಚದ ತಲೆದಿಕ್ಕಿನಲ್ಲಿ ಇಟ್ಟಂದಿನಿಂದ, “ಇನ್ನು ಗಾಳಿ ಚೊಕ್ಕಟವಾಯಿತು” ಎಂದು ಅವರು ಎರಡು ಹೊತ್ತು ಸೇದಬೇಕಾದ ಇನ್ಹೇಲರನ್ನು ಒಂದು ಹೊತ್ತಿಗೆ ಇಳಿಸಿಬಿಟ್ಟಿದ್ದಾರಂತೆ.

ಈ ಕಡೆಯ ಸಾಲಿಗೆ ಮೊದಲು ಉತ್ತರ ಹೇಳುತ್ತೇವೆ. ಸೋದರಿ, ಈ ಪುಟವನ್ನು ಓದಿದ ದಿನವೇ ಮಾವನವರನ್ನು ಕೂಡಿಸಿಕೊಂಡು ಮಾತನಾಡಿ. ಆ ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಸೇದಬೇಕು. ಆಸ್ತಮಾಕ್ಕೆ ಕೊಡುವ ಇನ್ಹೇಲರುಗಳಲ್ಲಿ ಎರಡು ಬಗೆ ಉಂಟು. ಉಬ್ಬಸ ಬಂದಾಗ ತತ್‌ಕ್ಷಣ ಬಿಡುವು ಕೊಡುವುದು ಒಂದು; ಉಬ್ಬಸ ಬಾರದಂತೆ ಶ್ವಾಸನಾಳಗಳ ಊತವನ್ನು ದಿನದಿನವೂ ತಗ್ಗಿಸುತ್ತಿರುವುದು ಇನ್ನೊಂದು. ಎರಡು ಹೊತ್ತು ಸೇದುವುದು ಸಾಮಾನ್ಯವಾಗಿ ಈ ಎರಡನೆಯ ಬಗೆಯದು. ಅದನ್ನು ಬಿಟ್ಟ ಮರುದಿನವೇ ತೊಂದರೆ ಕಾಣಿಸಿಕೊಳ್ಳುವುದಿಲ್ಲ. ಆದುದರಿಂದಲೇ ಜನ ಮೋಸ ಹೋಗುತ್ತಾರೆ. ಒಂದೆರಡು ವಾರ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಗಿಡದ ಮಹಿಮೆ ಎಂದು ಮನಸ್ಸು ನಂಬುತ್ತದೆ. ಆಮೇಲೆ ಒಂದು ರಾತ್ರಿ, ಹೊರಗೆ ಮಳೆ ಸುರಿಯುತ್ತಿರುವಾಗ, ಉಸಿರು ಕಟ್ಟುತ್ತದೆ. ಪ್ರಮಾಣವನ್ನು ಇಳಿಸುವುದಾದರೆ ಅದು ವೈದ್ಯರ ಮಾತಿನ ಮೇಲೆ ಆಗಬೇಕು, ಕುಂಡದ ಮೇಲಿನ ಭರವಸೆಯಿಂದ ಅಲ್ಲ.

ಹಾಗಾದರೆ ಗಿಡ ಗಾಳಿಯನ್ನು ಶುದ್ಧಮಾಡುತ್ತದೆಂಬ ಮಾತು ಸುಳ್ಳೆ? ಅದು ಎಲ್ಲಿಂದ ಬಂತು? ಪೂರ್ತಿ ಸುಳ್ಳಲ್ಲ, ಆದರೆ ಅಡುಗೆಮನೆಯ ಅಳತೆಗೆ ಬಂದಾಗ ಕರಗಿಹೋಗುವ ಸತ್ಯ. 1989ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ಪರವಾಗಿ ವೊಲ್ವರ್ಟನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕೆಲವು ಕುಂಡದ ಗಿಡಗಳನ್ನು ಪರೀಕ್ಷಿಸಿದರು. ನಿಮ್ಮ ಮನೆಗೆ ಬಂದಿರುವ ಎರಡು ಗಿಡಗಳೂ ಆ ಪಟ್ಟಿಯಲ್ಲಿದ್ದವು. ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ಗಿಡವನ್ನಿಟ್ಟು, ಬೆನ್‌ಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ಆವಿಗಳನ್ನು ಸೇರಿಸಿ, ಅವು ಎಷ್ಟು ಕಡಮೆಯಾಗುವುವೆಂದು ಅಳೆದರು. ಕಡಮೆಯಾದುದು ನಿಜ. ಆದರೆ ಮನುಷ್ಯರು ವಾಸಿಸುವ ಮನೆ ಮುಚ್ಚಿದ ಪೆಟ್ಟಿಗೆಯಲ್ಲವಷ್ಟೆ! ಬಾಗಿಲು ತೆರೆಯುತ್ತದೆ, ಹಂಚಿನ ಸಂದಿಯಲ್ಲಿ ಗಾಳಿ ಬರುತ್ತದೆ, ಹೋಗುತ್ತದೆ.

2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಎಂಬಿಬ್ಬರು ಹಿಂದಿನ ಇಂತಹ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಸಾಮಾನ್ಯ ಕಟ್ಟಡವೊಂದರಲ್ಲಿ ಗಾಳಿಯ ಓಡಾಟದಿಂದ ತಾನಾಗಿ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ, ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕಾಗುವುವೆಂದು ಅವರಿಗೆ ಕಂಡುಬಂತು. ನಿಮ್ಮ ಮಾವನವರ ಕೋಣೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಇದೆಯೆನ್ನೋಣ. ಅದು ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. ಅತ್ಯಂತ ಉದಾರವಾದ ಲೆಕ್ಕದಲ್ಲಿಯೂ ತೊಂಬತ್ತಕ್ಕೂ ಮೇಲ್ಪಟ್ಟು ಕುಂಡಗಳು ಬೇಕು! ಅಷ್ಟನ್ನು ಇಟ್ಟ ಮೇಲೆ ಮಂಚಕ್ಕೆ ಜಾಗವೆಲ್ಲಿ?

ಇನ್ನೊಂದು ಮಾತೂ ಕೇಳಿಬರುತ್ತದೆ: ಸ್ನೇಕ್ ಪ್ಲಾಂಟ್ ರಾತ್ರಿಯಲ್ಲಿಯೂ ಆಮ್ಲಜನಕ ಕೊಡುತ್ತದೆ, ಆದುದರಿಂದ ಮಲಗುವ ಕೋಣೆಗೆ ಅದೇ ತಕ್ಕುದು ಎಂದು. ಈ ಕಥೆಯ ಹಿಂದೆ ಒಂದು ಸೊಗಸಾದ ನಿಜವಿದೆ. ಈ ಗಿಡದ ಮೂಲ ಪಶ್ಚಿಮ ಆಫ್ರಿಕಾ. ನೀರಿನ ಕೊರತೆಯನ್ನು ತಾಳಿಕೊಳ್ಳಲು ಅದು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ಅವನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಕೂಡಿಟ್ಟುಕೊಳ್ಳುತ್ತದೆ. ಬೆಳಗಾದ ಮೇಲೆ ಬಿಸಿಲಿನ ಬಲದಿಂದ ಅದನ್ನು ಆಹಾರವನ್ನಾಗಿ ಮಾಡಿಕೊಳ್ಳುತ್ತದೆ. ಆಮ್ಲಜನಕ ಹುಟ್ಟುವುದು ಈ ಎರಡನೆಯ ಹಂತದಲ್ಲಿ, ಎಂದರೆ ಬೆಳಕು ಇದ್ದಾಗ. ಕತ್ತಲೆಯಲ್ಲಿ ಅದನ್ನು ಹುಟ್ಟಿಸುವ ಉಪಾಯ ಯಾವ ಗಿಡಕ್ಕೂ ತಿಳಿಯದು.

ಕೊಡಗಿನವರಿಗೆ ಗಿಡದಲ್ಲಿ ಮದ್ದಿದೆಯೆಂಬ ನಂಬಿಕೆ ಸಹಜವಾಗಿಯೇ ಬಂದಿದೆ. ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪನ್ನು ತಂದು, ಕುದಿಸಿ, ಅದರ ಕಡುನೇರಳೆ ಬಣ್ಣದ ರಸದಿಂದ ಪಾಯಸ ಮಾಡಿ ಉಣ್ಣುವ ಮನೆಗಳು ಅಮ್ಮತ್ತಿಯಲ್ಲಿ ಎಷ್ಟೋ ಇವೆ. ಆ ಸಂಪ್ರದಾಯಕ್ಕೆ ತನ್ನದೇ ಆದ ಸ್ಥಾನವಿದೆ. ತಲೆಮಾರುಗಳಿಂದ ಆ ಸೊಪ್ಪನ್ನು ಗುರುತಿಸಿ, ತಕ್ಕ ದಿನದಲ್ಲಿ, ತಕ್ಕ ಕ್ರಮದಲ್ಲಿ ಬಳಸುತ್ತ ಬಂದಿದ್ದಾರೆ. ಆದರೆ ಆ ಗೌರವವನ್ನು ನಿನ್ನೆ ಮೊನ್ನೆ ಅಂಗಡಿಯಿಂದ ಬಂದ ಅಲಂಕಾರದ ಗಿಡಕ್ಕೆ ಕೊಟ್ಟುಬಿಡುವುದು ಸರಿಯಲ್ಲ. ಅದು ಕಣ್ಣಿಗೆ ತಂಪು, ಅಷ್ಟು ಸಾಕು.

ಈಗ ಗಿಡಗಳ ಆಯ್ಕೆಗೆ ಬರೋಣ. ಮೊದಲು ಅತ್ತೆಯವರ ಪಕ್ಷ. ಮನಿ ಪ್ಲಾಂಟ್ ಬೆಳೆಸುವುದರಷ್ಟು ಸುಲಭವಾದ ಕೆಲಸ ಇನ್ನೊಂದಿಲ್ಲ. ಗೆಣ್ಣಿನ ಕೆಳಗೆ ಕತ್ತರಿಸಿದ ಒಂದು ತುಂಡನ್ನು ನೀರಿನ ಸೀಸೆಯಲ್ಲಿಟ್ಟರೂ ಬೇರು ಬಿಡುತ್ತದೆ. ಮಧ್ಯಮ ಬೆಳಕಿನಲ್ಲಿ ಎಲೆಯ ಹಳದಿ ಬಣ್ಣ ಚೆನ್ನಾಗಿ ಉಳಿಯುತ್ತದೆ. ಕತ್ತಲೆ ಹೆಚ್ಚಾದರೆ ಬಣ್ಣ ಮಾಸಿ ಬರಿಯ ಹಸಿರಾಗುತ್ತದೆ, ಗೆಣ್ಣುಗಳ ನಡುವಣ ಅಂತರ ಉದ್ದವಾಗಿ ಬಳ್ಳಿ ಸೊರಗಿದಂತೆ ಕಾಣುತ್ತದೆ. ಧನಲಾಭದ ವಿಷಯವನ್ನು ಮಾತ್ರ ನಾವು ಹೊಣೆಹೊತ್ತು ಹೇಳಲಾರೆವು. ಈ ಬಳ್ಳಿಯ ತವರು ಪೆಸಿಫಿಕ್ ಸಾಗರದ ಮೊಓರಿಯಾ ದ್ವೀಪ. ಸಸ್ಯಶಾಸ್ತ್ರಜ್ಞರು ಇದಕ್ಕೆ ಮೊದಲು ಹೆಸರಿಟ್ಟುದು 1880ರಲ್ಲಿ. ಆದುದರಿಂದ ನಮ್ಮ ಹಳೆಯ ಶಾಸ್ತ್ರಗಳಲ್ಲಿ ಇದರ ಫಲವನ್ನು ಹುಡುಕುವುದು ವ್ಯರ್ಥ. ಕೊಂಡು ತಂದರೆ ಫಲವಿಲ್ಲ, ಕದ್ದು ತಂದರೆ ಮಾತ್ರ ಹಣ ಬರುವುದೆಂದು ಹೇಳುವವರೂ ಉಂಟು! ಆ ನಿಯಮದಂತೆ ಮೈದುನನ ಉಡುಗೊರೆಯಿಂದ ಕಾಸೂ ಹುಟ್ಟುವಂತಿಲ್ಲ.

ಮನಿ ಪ್ಲಾಂಟಿನ ನಿಜವಾದ ಕುಂದು ಬೇರೆ. ಅದು ಕೆಸುವಿನ ಕುಲದ್ದು, ಸುವರ್ಣಗಡ್ಡೆಯ ದಾಯಾದಿ. ಮಳೆಗಾಲದಲ್ಲಿ ಕೆಸುವಿನೆಲೆಯನ್ನು ಸರಿಯಾಗಿ ಬೇಯಿಸದಿದ್ದರೆ, ಹುಣಿಸೆ ಕಡಮೆಯಾದರೆ ಗಂಟಲು ತುರಿಸುವುದು ನಿಮಗೆಲ್ಲ ಗೊತ್ತು. ಎಲೆಯೊಳಗೆ ಸೂಜಿಯಂತಹ ಅತಿ ಸೂಕ್ಷ್ಮವಾದ ಹರಳುಗಳಿರುವುದೇ ಅದಕ್ಕೆ ಕಾರಣ. ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಅವುಗಳ ಹೆಸರು. ಮನಿ ಪ್ಲಾಂಟಿನ ಹಸಿಯ ಎಲೆಯಲ್ಲಿ ಅದೇ ಹರಳುಗಳಿವೆ. ಮಗು ಅಗಿದರೆ ತುಟಿ, ನಾಲಗೆಗಳು ಉರಿಯುತ್ತವೆ, ಊದಿಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ. ಪ್ರಾಣಾಪಾಯ ಬಲು ಅಪರೂಪ. ಆದರೆ ಸಂಕಟ ಕಡಮೆಯಲ್ಲ. ಕಿಟಕಿಯಿಂದ ಇಳಿಬಿದ್ದ ಬಳ್ಳಿ ಅಂಬೆಗಾಲಿಡುವ ಕೂಸಿನ ಕೈಗೆ ಎಳೆಯಲು ಎಷ್ಟು ಅನುಕೂಲವೆಂಬುದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯಜಮಾನರ ಪಕ್ಷ. ಸ್ನೇಕ್ ಪ್ಲಾಂಟಿಗೆ ಇಂಗ್ಲಿಷರು ‘ಅತ್ತೆಯ ನಾಲಗೆ’ ಎಂದೂ ಹೆಸರಿಟ್ಟಿದ್ದಾರೆ. ಈ ಸಂಗತಿಯನ್ನು ನೀವು ಅತ್ತೆಯವರ ಮುಂದೆ ಎತ್ತದಿರುವುದೇ ಕ್ಷೇಮ! ನೆಟ್ಟಗೆ ನಿಲ್ಲುವ ಪಟ್ಟೆಪಟ್ಟೆಯ ದಪ್ಪ ಎಲೆಗಳೇ ಇದರ ಶೋಭೆ. ಇದರ ಒಡಹುಟ್ಟಿನ ಜಾತಿಯೊಂದು ನಮ್ಮ ನಾಡಿನಲ್ಲಿಯೂ ಉಂಟು. ಅದರ ಎಲೆಯ ನಾರಿನಿಂದ ಹಿಂದೆ ಬಿಲ್ಲಿನ ಹೆದೆಯನ್ನು ಹೊಸೆಯುತ್ತಿದ್ದರು. ಅಷ್ಟು ಗಟ್ಟಿಜೀವ. ಮಂದವಾದ ಬೆಳಕನ್ನು ಸಹಿಸುತ್ತದೆ, ಮರೆತರೂ ಮುನಿಯುವುದಿಲ್ಲ. ಇದರ ಎಲೆಯನ್ನು ತಿಂದರೂ ಹೊಟ್ಟೆ ತೊಳಸುವುದು, ವಾಂತಿಯಾಗುವುದು ಉಂಟು. ನಾಯಿ ಬೆಕ್ಕುಗಳಿಗೂ ಒಳ್ಳೆಯದಲ್ಲ. ಆದರೆ ಎಲೆ ಗಡುಸು, ಬಿಗಿಯಾಗಿ ನೆಟ್ಟಗೆ ನಿಂತಿರುತ್ತದೆ. ಬಳ್ಳಿಯ ಹಾಗೆ ಇಳಿಬಿದ್ದು ಮಗುವನ್ನು ಕರೆಯುವುದಿಲ್ಲ.

ಈ ಗಿಡವನ್ನು ಕೊಲ್ಲಲು ಒಂದೇ ಮಾರ್ಗವಿದೆ: ಪ್ರೀತಿಯಿಂದ ನಿತ್ಯವೂ ನೀರೆರೆಯುವುದು. ಕಾಳುಮೆಣಸಿನ ಬಳ್ಳಿಯನ್ನು ಸಾಕಿದ ಅಮ್ಮತ್ತಿಯವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಮುಂಗಾರಿನಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು, ಸೊರಗು ರೋಗ ತಗಲಿ, ಹತ್ತು ವರ್ಷ ಬೆಳೆಸಿದ ಬಳ್ಳಿ ಕೆಲವೇ ದಿನಗಳಲ್ಲಿ ಬಾಡಿ ಹೋಗುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅದಕ್ಕಾಗಿಯೇ ತೋಟದಲ್ಲಿ ಮಳೆಗೆ ಮುಂಚೆ ಚರಂಡಿ ಬಿಡಿಸುತ್ತೀರಿ. ಕುಂಡವೂ ಒಂದು ಪುಟ್ಟ ತೋಟವೇ. ಅದರ ಚರಂಡಿಯೆಂದರೆ ತಳದ ತೂತು.

ಈ ನೀರಿನ ಮಾತಿನಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವೂ ಅಡಗಿದೆ. ಕೊಡಗಿನ ಮಳೆಗಾಲದಲ್ಲಿ ಹಾಸಿಗೆ, ಬಟ್ಟೆ, ಗೋಡೆ, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಆಸ್ತಮಾ ಇರುವವರಿಗೆ ಆ ಬೂಷ್ಟಿನ ಕಣಗಳು ಶತ್ರು. ಕುಂಡದ ಮಣ್ಣು ಸದಾ ತೇವವಾಗಿದ್ದರೆ ಅದರ ಮೇಲೂ ಬಿಳಿಯ ಬೂಷ್ಟು ಬೆಳೆಯುತ್ತದೆ. ಉಸಿರಾಟಕ್ಕೆ ಒಳ್ಳೆಯದೆಂದು ತಲೆದಿಕ್ಕಿನಲ್ಲಿಟ್ಟ ಕುಂಡದಿಂದಲೇ ಮಾವನವರಿಗೆ ತೊಂದರೆ ಬರಬಹುದು! ಆದುದರಿಂದ ಮೊದಲ ತೀರ್ಪು: ಅವರ ಕೋಣೆಯಲ್ಲಿ ಎರಡು ಗಿಡಗಳೂ ಬೇಡ. ಎರಡನೆಯ ತೀರ್ಪು: ಮನೆಯೊಳಗೆ ಒಂದನ್ನೇ ಇಡಬೇಕೆಂದಾದರೆ, ಕಡಮೆ ನೀರು ಕುಡಿಯುವ, ಮಣ್ಣು ಒಣಗಿರುವುದನ್ನೇ ಬಯಸುವ ಸ್ನೇಕ್ ಪ್ಲಾಂಟನ್ನು ಇಡಿ. ಪಡಸಾಲೆಯ ಆ ಕಿಟಕಿಯ ಬಳಿ, ಅಲುಗಾಡದ ಭಾರವಾದ ಮಣ್ಣಿನ ಕುಂಡದಲ್ಲಿ, ಮಗುವಿನ ಕೈಗೂ ಕಣ್ಣಿನ ಮಟ್ಟಕ್ಕೂ ಮೇಲಾದ ಜಾಗದಲ್ಲಿ ಇರಲಿ. ಎಲೆಯ ತುದಿ ಚೂಪಾಗಿರುತ್ತದೆಂಬುದನ್ನು ಮರೆಯಬಾರದು.

ಹಾಗೆಂದು ಅತ್ತೆಯವರ ಬಳ್ಳಿಯನ್ನು ಎಸೆಯಬೇಕಾಗಿಲ್ಲ. ಜಗಲಿಯ ತೊಲೆಗೆ ಎತ್ತರವಾಗಿ ತೂಗುಹಾಕಿ, ಮಳೆಯ ಇರಿಚಲು ನೇರವಾಗಿ ಬಡಿಯದ ಕಡೆ. ಮನೆಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಅದೇ. ಅತ್ತೆಯವರಿಗೂ ಅದರಿಂದ ಸಮಾಧಾನವಾದೀತು. ಬಳ್ಳಿ ಇಳಿದಂತೆಲ್ಲ ಕತ್ತರಿಸುತ್ತಿರಿ. ಕತ್ತರಿಸಿದುದನ್ನು ಮಾತ್ರ ತೋಟದ ಬೇಲಿಯಾಚೆಗೆ ಎಸೆಯಕೂಡದು. ಕುಂಡದಲ್ಲಿ ಸಾಧುವಾಗಿರುವ ಈ ಬಳ್ಳಿ ಮರ ಸಿಕ್ಕಿತೆಂದರೆ ಏರುತ್ತ ಹೋಗಿ, ಎಲೆ ಮೊರದಗಲವಾಗಿ, ಮರವನ್ನೇ ಮುಚ್ಚುತ್ತದೆ. ಶ್ರೀಲಂಕಾದಲ್ಲಿ ಅದು ಕಾಡಿಗೆ ನುಗ್ಗಿ ಪೀಡೆಯಾಗಿದೆ. ಮೆಣಸಿನ ಬಳ್ಳಿ ಹಬ್ಬಬೇಕಾದ ಸಿಲ್ವರ್ ಓಕಿನ ಮೇಲೆ ಅದು ಹಬ್ಬುವುದು ಬೇಡ. ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ಕಾಪಾಡಿಕೊಂಡು ಬಂದ ಜಿಲ್ಲೆಯಲ್ಲಿ ಯಾವ ದೇವರಕಾಡಿನ ಅಂಚಿಗೂ ಅದು ತಲುಪುವುದು ಬೇಡ. ಕತ್ತರಿಸಿದ ತುಂಡುಗಳನ್ನು ಚೆನ್ನಾಗಿ ಒಣಗಿಸಿ ಸುಟ್ಟುಬಿಡಿ.

ಮನಿ ಪ್ಲಾಂಟನ್ನು ನೀರಿನ ಸೀಸೆಯಲ್ಲಿ ಬೆಳೆಸುವವರಿಗೂ ಒಂದು ಎಚ್ಚರಿಕೆ. ಡೆಂಗಿಯನ್ನು ಹರಡುವ ಸೊಳ್ಳೆ ಇಡುವ ಮೊಟ್ಟೆ ಅಂತಹ ನಿಂತ ನೀರಿನಲ್ಲಿ ಎಂಟು ಹತ್ತು ದಿನಗಳಲ್ಲಿ ರೆಕ್ಕೆ ಬಲಿತ ಸೊಳ್ಳೆಯಾಗಿ ಹೊರಬರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ, ಸೀಸೆಯ ಒಳಮೈಯನ್ನು ಉಜ್ಜಿ ತೊಳೆದು ಹೊಸ ನೀರು ತುಂಬಿರಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿಗೂ ಇದೇ ನಿಯಮ.

ಸಾಕುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸ್ನೇಕ್ ಪ್ಲಾಂಟಿಗೆ ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಮರಳು, ಅರ್ಧ ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಾಕು. ಮನೆಯಲ್ಲಿ ಹೇರಳವಾಗಿದೆಯೆಂದು ಹಸಿಯ ಕಾಫಿ ಸಿಪ್ಪೆಯನ್ನು ತುಂಬಬೇಡಿ. ಬೂಷ್ಟಿಗೆ ಅದು ಹಬ್ಬದೂಟ. ನೀರೆರೆಯುವ ಮುನ್ನ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತೇವ ತಾಗಿದರೆ ನೀರು ಬೇಡ. ಬೇಸಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕೊಟ್ಟರೂ ನಡೆದೀತು. ಎಲೆಯ ಮೇಲೆ ಕೂರುವ ಧೂಳನ್ನು ಒದ್ದೆ ಬಟ್ಟೆಯಿಂದ ಒರಸಿ. ನೆರೆಮನೆಯವರು ಕೇಳಿದರೆ ಎಲೆಯ ತುಂಡನ್ನು ಕೊಡುವ ಬದಲು ಬುಡದ ಗಡ್ಡೆಯನ್ನೇ ಸೀಳಿ ಕೊಡಿ. ಹಳದಿ ಅಂಚಿನ ಜಾತಿಯಲ್ಲಿ ಎಲೆಯ ತುಂಡಿನಿಂದ ಹುಟ್ಟಿದ ಸಸಿಗೆ ಆ ಹಳದಿ ಅಂಚು ಬರುವುದಿಲ್ಲ.

ಎಷ್ಟು ಎಚ್ಚರವಾಗಿದ್ದರೂ ಮಗು ಎಲೆಯನ್ನು ಬಾಯಿಗೆ ಹಾಕಿಕೊಂಡರೆ ಗಾಬರಿಯಾಗಬೇಡಿ. ಬಾಯಲ್ಲಿರುವ ಚೂರುಗಳನ್ನು ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ತೆಗೆದು, ಬಾಯಿ ಒರಸಿ, ಸ್ವಲ್ಪ ತಣ್ಣನೆಯ ಹಾಲನ್ನೋ ನೀರನ್ನೋ ಕುಡಿಸಿ. ಬಲವಂತವಾಗಿ ವಾಂತಿ ಮಾಡಿಸಕೂಡದು. ಬಾಯಿ ಊದಿಕೊಳ್ಳುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎಲೆಯ ಒಂದು ಚೂರನ್ನೂ ಜೊತೆಯಲ್ಲಿ ತೆಗೆದುಕೊಂಡು ಹೋದರೆ ವೈದ್ಯರಿಗೆ ಗುರುತು ಹಿಡಿಯಲು ಸಹಾಯವಾಗುತ್ತದೆ.

ಮತ್ತೆ ಮಾವನವರ ಕೋಣೆಗೆ ಬರೋಣ. ಗಾಳಿ ಚೊಕ್ಕಟವಾಗಬೇಕೆಂಬ ನಿಮ್ಮ ಮನೆಯವರ ಆಸೆ ಸರಿಯಾದುದೇ. ಅದಕ್ಕೆ ಗಿಡಕ್ಕಿಂತ ಬಲವಾದ ಉಪಾಯಗಳು ನಿಮ್ಮ ಕೈಯಲ್ಲಿಯೇ ಇವೆ. ಮಳೆ ಹೊಳವಾದ ಸ್ವಲ್ಪ ಹೊತ್ತಾದರೂ ಎದುರುಬದುರು ಬಾಗಿಲು ಕಿಟಕಿಗಳನ್ನು ತೆರೆದಿಡಿ. ಒದ್ದೆ ಬಟ್ಟೆಗಳನ್ನು ಅವರ ಕೋಣೆಯಲ್ಲಿ ಹರವಬೇಡಿ. ಬಚ್ಚಲೊಲೆಯ ಹೊಗೆ ಒಳಕ್ಕೆ ತಿರುಗದಂತೆ ಹೊಗೆಗೂಡನ್ನು ಶುಚಿಮಾಡಿಸಿ. ಗೋಡೆಯಲ್ಲಿ ಬೂಷ್ಟು ಕಂಡ ಕಡೆ ಸೋಪಿನ ನೀರಿನಿಂದ ಉಜ್ಜಿ ಒಣಗಿಸಿ. ಆ ಕೆಲಸ ನಡೆಯುವಾಗ ಅವರು ಬೇರೆ ಕಡೆ ಇರಲಿ. ಹಂಚು ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಬಿಸಿಲು ಬಿದ್ದ ದಿನ ಹಾಸಿಗೆ ದಿಂಬುಗಳನ್ನು ಅಂಗಳಕ್ಕೆ ಹಾಕಿ. ನಾಯಿಯಿದ್ದರೆ ಅದು ಅವರ ಮಂಚದ ಬಳಿ ಮಲಗುವುದು ಬೇಡ. ಇವುಗಳಲ್ಲಿ ಯಾವುದೂ ಕಿಟಕಿಯಲ್ಲಿಟ್ಟ ಕುಂಡದಂತೆ ನೋಡಲು ಚೆಲುವಲ್ಲ. ಆದರೆ ಉಸಿರಿಗೆ ಒದಗುವುದು ಇವೇ.

ಒಂದು ಮಾತು ಉಳಿಯಿತು. ಹಿರಿಯರಿಗೆ ಈ ವಿಷಯವನ್ನು ಹೇಳುವುದು ಹೇಗೆ? “ನಿಮ್ಮ ನಂಬಿಕೆ ತಪ್ಪು” ಎಂದು ಸೊಸೆ ಮಾವನವರಿಗೆ ಹೇಳುವುದು ನಮ್ಮಲ್ಲಿ ಸುಲಭವಲ್ಲ. ಹೇಳಿದರೂ ಅದು ರುಚಿಸುವುದಿಲ್ಲ. ದಿನವೂ ಔಷಧ ಸೇದುವುದು ಅವರಿಗೆ ಬೇಸರ ತಂದಿರಬಹುದು. ವಯಸ್ಸಾದವರಿಗೆ ಔಷಧ ಬಿಟ್ಟೆನೆಂಬುದೇ ಒಂದು ಹಿಗ್ಗು. ಆದುದರಿಂದ ಗಿಡವನ್ನು ಅವರ ಕೈಗೇ ಒಪ್ಪಿಸಿಬಿಡಿ. ಪಡಸಾಲೆಯ ಕುಂಡದ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡುವುದು, ಎಲೆ ಒರಸುವುದು ಅವರ ಕೆಲಸವಾಗಲಿ. “ಮಾವ, ಬೆಳಗ್ಗೆ ಸಂಜೆ ಮದ್ದು ಸೇದಿದ ಮೇಲೆ ಗಿಡವನ್ನೊಮ್ಮೆ ನೋಡಿ ಬನ್ನಿ” ಎನ್ನಿ. ಗಿಡ ಅವರನ್ನು ಕಾಯಲಾರದು. ಮದ್ದಿನ ಹೊತ್ತನ್ನು ನೆನಪಿಸುವಷ್ಟು ಕೆಲಸವನ್ನಾದರೂ ಮಾಡೀತು. ಮುಂದಿನ ಸಲ ವಿರಾಜಪೇಟೆಗೋ ಮಡಿಕೇರಿಗೋ ವೈದ್ಯರ ಬಳಿಗೆ ಹೋದಾಗ, ಪ್ರಮಾಣ ಇಳಿಸಿದ್ದ ವಿಷಯವನ್ನು ಮುಚ್ಚಿಡದೆ ಹೇಳಿ.

ಪುತ್ತರಿಯ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿರುತ್ತದೆ. ಕಿಟಕಿಗಳೆಲ್ಲ ತೆರೆದಿರುತ್ತವೆ, ಮಗು ಎದ್ದು ನಡೆಯುತ್ತಿರುತ್ತದೆ. ಆಗ ಕುಂಡಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆ ಹೊಸದಾಗಿ ಏಳುತ್ತದೆ. ನಡೆಯುವ ಮಗುವಿನ ಕೈ ಎಲ್ಲಿಗೆ ಎಟುಕದು? ಆ ಪತ್ರವನ್ನೂ ಬರೆಯಿರಿ, ಉತ್ತರಿಸುತ್ತೇವೆ. ಮಾವನವರ ಆರೋಗ್ಯದ ಬಗ್ಗೆ ಎರಡು ಸಾಲು ಅದರಲ್ಲಿರಲಿ.